ಬಾಡಿಗೆಗೆ ಸಿಗುವ ಮೌನ

ಗ್ರೀಸಿನ ಕ್ರೀಟ್ ದ್ವೀಪದಲ್ಲಿ ಅರ್ಕಾದಿ ಎಂಬ ಹೆಸರಾಂತ ಮಠವಿದೆ. ಅದರಿಂದ ತುಸು ದೂರದಲ್ಲಿ, ಆಲಿವ್ ತೋಪುಗಳ ನಡುವೆ, ಗುಡ್ಡದ ಓರೆಯಲ್ಲಿ ಕಪ್ಸಲಿಯಾನಾ ಎಂಬ ಪುಟ್ಟ ಹಳ್ಳಿ. 18ನೇ ಶತಮಾನದಲ್ಲಿ ಮಠದವರು ಅಲ್ಲಿ ಎಣ್ಣೆಯ ಗಾಣವೊಂದನ್ನು ಕಟ್ಟಿಸಿದರು. ಗಾಣವನ್ನು ನಂಬಿಕೊಂಡು ಸುತ್ತಲೂ ಕಲ್ಲಿನ ಮನೆಗಳೆದ್ದವು. ತಲೆಮಾರುಗಳ ಕಾಲ ನಡೆದ ಗಾಣ 1950ರ ದಶಕದಲ್ಲಿ ನಿಂತಿತು. ದುಡಿಮೆ ಹೋದ ಮೇಲೆ ಜನ ನಿಲ್ಲಲಿಲ್ಲ. ಒಂದೊಂದೇ ಬಾಗಿಲಿಗೆ ಬೀಗ ಬಿತ್ತು, ಮಾಡು ಕುಸಿಯಿತು, ಅಂಗಳದಲ್ಲಿ ಮುಳ್ಳುಕಂಟಿ ಬೆಳೆಯಿತು. ಮುಂದೆ ಮೈರನ್ ತೂಪೊಯಾನಿಸ್ ಎಂಬ ವಾಸ್ತುಶಿಲ್ಪಿ ಆ ಪಾಳುಮನೆಗಳ ಬೆನ್ನು ಹತ್ತಿ, ಸುಮಾರು ನಾಲ್ಕು ದಶಕ ಹಿಡಿದು ಅವನ್ನು ಎತ್ತಿ ನಿಲ್ಲಿಸಿದರು. 2008ರಲ್ಲಿ ಹಳ್ಳಿಯ ಬಹುಭಾಗ ಹೋಟೆಲಾಗಿ ಬಾಗಿಲು ತೆರೆಯಿತು. ದೂರದೂರದಿಂದ ಬಂದು ಅಲ್ಲಿ ರಾತ್ರಿ ಕಳೆಯುವವರು ದುಡ್ಡು ಕೊಡುವುದು ಹಾಸಿಗೆಗೆ, ಊಟಕ್ಕೆ ಎನ್ನುವುದಕ್ಕಿಂತ ಹೆಚ್ಚಾಗಿ ಅಲ್ಲಿನ ಮೌನಕ್ಕೆ.

ಆ ಮೌನ ಗುಡ್ಡಕ್ಕೆ ಸಹಜವಾದದ್ದಲ್ಲ. ಗಾಣ ತಿರುಗುತ್ತಿದ್ದ ಹಳ್ಳಿ ಸದ್ದಿಲ್ಲದೆ ಇದ್ದಿರಲಾರದು. ಜನ ಬಿಟ್ಟುಹೋದದ್ದರಿಂದ ಹುಟ್ಟಿದ ಮೌನ ಅದು. ಹೋದವರು ಎಲ್ಲಿಗೆ ಹೋದರು, ಅವರ ಮಕ್ಕಳು ಈಗ ಎಲ್ಲಿದ್ದಾರೆ ಎಂದು ಕೇಳದೆ ಹೋಟೆಲಿನ ಚೆಲುವನ್ನಷ್ಟೇ ಹೊಗಳುವವರು ಅರ್ಧ ಕಥೆ ಹೇಳುತ್ತಾರೆ. ಉಳಿದರ್ಧವನ್ನು ಹೇಳಲು ಥಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳ ಕನ್ನಡಿಗರಿಗಿಂತ ತಕ್ಕವರು ಸಿಗುವುದು ಕಷ್ಟ.

ಗ್ರೀಸಿನ ಹಳ್ಳಿಗಳನ್ನು ಬರಿದು ಮಾಡಿದ್ದು ಎರಡನೇ ಮಹಾಯುದ್ಧ, ಅದರ ಬೆನ್ನಿಗೇ ಬಂದ ಅಂತರ್ಯುದ್ಧ ಮತ್ತು ಆ ಬಳಿಕದ ಬಡತನ. ಪಶ್ಚಿಮ ಜರ್ಮನಿಯೊಂದಿಗೆ 1960ರಲ್ಲಿ ಕಾರ್ಮಿಕರ ಒಪ್ಪಂದವಾಯಿತು. ಯುವಕರು ಅಲ್ಲಿನ ಕಾರ್ಖಾನೆಗಳಿಗೆ ಹೊರಟರು. ಕೆಲವರು ಮೆಲ್ಬರ್ನ್ ಸೇರಿದರು. ಎಲ್ಲರಿಗಿಂತ ಹೆಚ್ಚಿನವರು ಅಥೆನ್ಸಿಗೆ ಬಂದರು. ಅವರಿಗೆ ನೆರಳು ಕೊಡಲು ಅಥೆನ್ಸಿನಲ್ಲಿ ಒಂದು ಪದ್ಧತಿ ಬೆಳೆಯಿತು: ಜಾಗದ ಒಡೆಯ ಬಿಲ್ಡರನಿಗೆ ಜಾಗ ಬಿಟ್ಟುಕೊಡುವುದು, ಹಣದ ಬದಲು ಅಲ್ಲೇಳುವ ಕಟ್ಟಡದಲ್ಲಿ ಕೆಲವು ಫ್ಲಾಟು ಪಡೆಯುವುದು. ಅದನ್ನು ಅಲ್ಲಿಯವರು ಆಂತಿಪಾರೋಖಿ ಎನ್ನುತ್ತಾರೆ. ಹಳೆಯ ಒಂದಂತಸ್ತಿನ ಮನೆಗಳು ಮಾಯವಾಗಿ ಬಾಲ್ಕನಿಗಳ ಸಾಲು ಎದ್ದದ್ದು ಹೀಗೆ. ರೀಡೆವಲಪ್‌ಮೆಂಟ್ ಸಭೆಗಳಲ್ಲಿ ಸಂಜೆ ಕಳೆಯುವ ಡೊಂಬಿವಲಿಯ ಓದುಗರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ.

ಗ್ರೀಕರಿಗೂ ಈ ನೆಲಕ್ಕೂ ಹಳೆಯ ನಂಟಿದೆ ಎಂಬುದನ್ನು ಇಲ್ಲಿ ಒಂದು ಮಾತಿನಲ್ಲಿ ನೆನೆಯಬೇಕು. ಕ್ರಿಸ್ತಶಕ ಮೊದಲ ಶತಮಾನದಲ್ಲಿ ಗ್ರೀಕ್ ಭಾಷೆಯಲ್ಲಿ ಬರೆದ 'ಎರಿತ್ರಿಯನ್ ಸಮುದ್ರದ ಪೆರಿಪ್ಲಸ್' ಎಂಬ ನಾವಿಕರ ಕೈಪಿಡಿಯಲ್ಲಿ ಕಲ್ಯಾಣದ ಹೆಸರು ಕಲ್ಲಿಯೇನಾ ಎಂದು ಬರುತ್ತದೆ. ರಾಜಕೀಯ ಬದಲಾಗಿ ಬಂದರಿಗೆ ಅಡ್ಡಿಯಾಗಿದೆ, ಅಲ್ಲಿಗೆ ಬಂದ ಗ್ರೀಕ್ ಹಡಗುಗಳನ್ನು ಕಾವಲಿನಲ್ಲಿ ಭರೂಚಿಗೆ ಕಳಿಸುವುದುಂಟು ಎಂದು ಆ ಪುಸ್ತಕ ಎಚ್ಚರಿಸುತ್ತದೆ. ಬೋರ್‌ಘಾಟಿನಾಚೆಯ ಕಾರ್ಲಾ ಗುಹೆಗಳ ಕಂಬಗಳಲ್ಲಿ ಯವನ ದಾನಿಗಳ ಹೆಸರುಗಳಿವೆ. ಬರುವವರು, ಹೋಗುವವರು, ಹೋದಲ್ಲಿ ಹೆಸರು ಕೆತ್ತಿಸುವವರು — ಕಲ್ಯಾಣವಿರುವ ಉಲ್ಹಾಸ ನದಿಯ ದಂಡೆಗೆ ಇವರಾರೂ ಹೊಸಬರಲ್ಲ.

1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಹೊರಟ ರೈಲು ಥಾಣೆ ಮುಟ್ಟಿತು. ಮರುವರ್ಷ ಹಳಿ ಕಲ್ಯಾಣಕ್ಕೆ ಬಂತು. ಒಂದು ಶತಮಾನದ ಮೇಲೆ ಆ ಹಳಿಯ ಗುಂಟವೇ ಕರಾವಳಿಯ ಕನ್ನಡಿಗರು, ತುಳುವರು, ಕೊಂಕಣಿಗರು ಉತ್ತರಕ್ಕೆ ಸರಿಯುತ್ತ ಬಂದರು. ಮೊದಲ ತಲೆಮಾರಿನ ಹುಡುಗರು ಫೋರ್ಟು, ಮಾಟುಂಗಾಗಳ ಹೋಟೆಲುಗಳಲ್ಲಿ ಲೋಟ ತೊಳೆದು, ಕನ್ನಡ ರಾತ್ರಿಶಾಲೆಗಳಲ್ಲಿ ಅಕ್ಷರ ಕಲಿತವರು. ಬ್ಯಾಂಕು, ಮಿಲ್ಲು, ಸರಕಾರಿ ಕಚೇರಿ ಸೇರಿ ಸಂಸಾರ ಹೂಡುವಾಗ ಅವರ ಕೈಗೆ ಎಟುಕಿದ್ದು ಡೊಂಬಿವಲಿಯ ಒಂದು ಕೋಣೆ-ಅಡುಗೆಮನೆ. ಡೊಂಬಿವಲಿ ಕರ್ನಾಟಕ ಸಂಘದ ಮಂಜುನಾಥ ವಿದ್ಯಾಲಯ ಆ ವಲಸೆಯ ಫಲ. ಅವರಿಗೂ ಈಚೆಗೆ ವಿಜಯಪುರ, ಕಲಬುರಗಿ ಕಡೆಯ ದುಡಿಯುವ ಜನ ನವಿಮುಂಬಯಿಯ ಕಟ್ಟಡಗಳಿಗೆ ಇಟ್ಟಿಗೆ ಹೊತ್ತರು. ಅವರ ಕಥೆಯನ್ನು ಬೇರೆಯಾಗಿಯೇ, ಇನ್ನೂ ಗಟ್ಟಿಯಾಗಿ ಬರೆಯಬೇಕು.

ಡೊಂಬಿವಲಿಯ ಪ್ಲಾಟ್‌ಫಾರಮ್ಮಿನಲ್ಲಿ ಬೆಳಗಿನ ಎಂಟು ಗಂಟೆಯ ನೂಕುನುಗ್ಗಲು ಮತ್ತು ಕರಾವಳಿಯ ಶಿರ್ವ, ಎಲ್ಲೂರು, ಬೆಳ್ಮಣ್ಣುಗಳ ಕಡೆ ಹಳೆಯ ಮನೆಯೊಂದರ ನಿರ್ಜನ ಚಾವಡಿ, ಇವೆರಡೂ ಒಂದೇ ಲೆಕ್ಕಪುಸ್ತಕದ ಜಮಾ ಮತ್ತು ಖರ್ಚು. ಇಲ್ಲಿ ಜನ ತುಂಬಿದಷ್ಟೂ ಅಲ್ಲಿ ಖಾಲಿಯಾಗಿದೆ. ಹಾಗಿರುವಾಗ, ಆ ಖಾಲಿ ಮನೆಯನ್ನು ಹೆರಿಟೇಜ್ ಹೋಟೆಲು ಮಾಡೋಣ ಎಂಬ ಮಾತು ಈಗ ಕುಟುಂಬಗಳಲ್ಲಿ ಎದ್ದಾಗ, ಅದರ ಮೌನವನ್ನು ಮಾರುವ ಹಕ್ಕು ಯಾರದ್ದು ಎಂಬ ಪ್ರಶ್ನೆಯನ್ನು ತಪ್ಪಿಸಿಕೊಳ್ಳಲಾಗದು.

ಏಕಾಂತ ಹುಡುಕಿ ಗುಡ್ಡ ಹತ್ತುವ ಅಭ್ಯಾಸಕ್ಕೆ ಥಾಣೆಯಲ್ಲಿ ಸ್ವಂತ ಇತಿಹಾಸವೇ ಇದೆ. 1850ರಲ್ಲಿ ಥಾಣೆಯ ಕಲೆಕ್ಟರ್ ಹ್ಯೂ ಮ್ಯಾಲೆಟ್ ಮಾಥೇರಾನ್ ಗುಡ್ಡ ಹತ್ತಿದ. ಕೆಲವೇ ವರ್ಷಗಳಲ್ಲಿ ಅಲ್ಲಿ ಯುರೋಪಿಯನ್ನರ, ಪಾರ್ಸಿಗಳ ಬಂಗಲೆಗಳು ಎದ್ದವು. 1907ರಲ್ಲಿ ಪೀರ್‌ಭಾಯ್ ಮನೆತನದವರು ನೇರಳದಿಂದ ಪುಟ್ಟ ರೈಲು ಓಡಿಸಿದರು. ಖಾಸಗಿ ಮೋಟಾರು ವಾಹನಗಳಿಗೆ ಅಲ್ಲಿ ಪ್ರವೇಶವಿಲ್ಲ. ಹಳೆಯ ಬಾರ್ ಹೌಸ್ ಬಂಗಲೆಯನ್ನು ದುರಸ್ತಿ ಮಾಡಿ ನೀಮ್ರಾಣಾ ಸಂಸ್ಥೆಯವರು ಹೋಟೆಲು ನಡೆಸಿದರು. ಬಂಗಲೆಯ ಜಗಲಿಯಿಂದಲೇ ಹೋಟೆಲಿಗೆ ಹೆಸರು ಬಂದಿತ್ತು. ಕಲ್ಯಾಣದಲ್ಲಿ ಕರ್ಜತ್ ಲೋಕಲು ಹತ್ತಿದರೆ ನೇರಳ ದೂರವೇನಲ್ಲ. ಆದರೆ ಆ ಪ್ರಶಾಂತಿಯ ಕೆಳಗೆ ಒಂದು ದುಡಿಮೆ ಇತ್ತು. ಹೆಂಗಸರನ್ನೂ ಮುದುಕರನ್ನೂ ಸಾಮಾನನ್ನೂ ಕೆಮ್ಮಣ್ಣಿನ ಏರಿನಲ್ಲಿ ಎಳೆದದ್ದು ಮನುಷ್ಯರೇ. ಕೈಯಿಂದ ಎಳೆಯುವ ಆ ರಿಕ್ಷಾಗಳನ್ನು ನಿಲ್ಲಿಸಬೇಕೆಂದು ಸುಪ್ರೀಂ ಕೋರ್ಟು ಹೇಳಲು 2025ರ ಆಗಸ್ಟ್ ಬರಬೇಕಾಯಿತು. ಒಬ್ಬರ ವಿಶ್ರಾಂತಿಯ ಲೆಕ್ಕದಲ್ಲಿ ಇನ್ನೊಬ್ಬರ ಬೆವರು ಕಾಣಿಸದೆ ಹೋಗುವುದು ಇಂಥ ಜಾಗಗಳ ಹಳೆಯ ರೋಗ.

ಈಗ ಕರಾವಳಿಯ ಮನೆಗೆ ಬರೋಣ. ಮುರಕಲ್ಲಿನ ಗೋಡೆ, ಹಲಸು-ಹೆಬ್ಬಲಸಿನ ಕಂಬ ಮತ್ತು ತೊಲೆ, ಪಕ್ಕಾಸು, ರೀಪು, ಮೇಲೆ ಹಂಚು. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಮುಳಿಹುಲ್ಲಿನ ಮಾಡುಗಳ ಜಾಗಕ್ಕೆ ಹಂಚು ಬಂತು. ಎದುರು ಅಂಗಳ, ತುಳಸಿಕಟ್ಟೆ. ಒಳಗೆ ಚಾವಡಿ, ನಡುವೆ ಬಿಸಿಲು ಮಳೆ ಇಳಿಯುವ ಚೌಕಿ, ಮೇಲೆ ಉಪ್ಪರಿಗೆ, ಒಂದು ಮೂಲೆಯಲ್ಲಿ ದೈವದ ಕೋಣೆ. ಇಂಥ ಮನೆ ವರ್ಷಕ್ಕೆ ಸುಮಾರು ನಾಲ್ಕು ಸಾವಿರ ಮಿಲಿಮೀಟರು ಮಳೆಯನ್ನು ತಲೆಯ ಮೇಲೆ ಹೊರುತ್ತದೆ. ಮನುಷ್ಯರಿದ್ದರೆ ಮಾತ್ರ ಅದು ನಿಲ್ಲುತ್ತದೆ. ಬೇಸಗೆಯಲ್ಲಿ ಯಾರಾದರೂ ಮೇಲೆ ಹತ್ತಿ ಒಡೆದ ಹಂಚು ಬದಲಿಸಬೇಕು. ಒಲೆಯ ಹೊಗೆ ಮಾಡಿನ ಮರಕ್ಕೆ ತಾಗುತ್ತಿದ್ದಷ್ಟು ಕಾಲ ಹುಳ ಹತ್ತುವುದು ಕಡಿಮೆ. ಒಲೆ ಆರಿದ ಮನೆಯಲ್ಲಿ ಒಂದು ಹಂಚು ಜಾರಿದರೆ ನೀರು ರೀಪಿಗೆ, ರೀಪಿನಿಂದ ಪಕ್ಕಾಸಿಗೆ ಇಳಿಯುತ್ತದೆ. ಮೂರ್ನಾಲ್ಕು ಮಳೆಗಾಲದಲ್ಲಿ ಗೆದ್ದಲು ತೊಲೆಯ ತನಕ ಬಂದಿರುತ್ತದೆ. ಗೋಡೆ ಬೀಳುವುದು ಕೊನೆಗೆ. ಮನೆ ಸಾಯುವುದು ಮಾಡಿನಿಂದ.

ಈ ಮನೆಗಳು ಖಾಲಿಯಾದದ್ದು ಮುಂಬಯಿಯ ಆಕರ್ಷಣೆಯೊಂದರಿಂದಲೇ ಅಲ್ಲ. ದೇವರಾಜ ಅರಸರ ಕಾಲದಲ್ಲಿ, 1974ರ ಮಾರ್ಚ್ 1ರಿಂದ, ಭೂಸುಧಾರಣಾ ಕಾಯ್ದೆಯ ತಿದ್ದುಪಡಿ ಜಾರಿಗೆ ಬಂತು. ಡಿಕ್ಲರೇಶನ್ ಕೊಟ್ಟ ಒಕ್ಕಲುಗಳು ಉಳುತ್ತಿದ್ದ ಗದ್ದೆಯ ಒಡೆಯರಾದರು. ಗೇಣಿಯ ಅಕ್ಕಿ ಬರುವುದು ನಿಂತಾಗ ಗುತ್ತು, ಬೀಡು, ಬರ್ಕೆಗಳ ದೊಡ್ಡ ಮನೆಗಳನ್ನು ಸಾಕುವ ಆದಾಯವೂ ನಿಂತಿತು. ಇದನ್ನು ಕೇವಲ ದುಃಖದ ದನಿಯಲ್ಲಿ ಹೇಳುವವರಿದ್ದಾರೆ. ಆ ದನಿಗೆ ಇಲ್ಲಿ ಜಾಗವಿಲ್ಲ. ಆ ಚಾವಡಿಗಳ ವೈಭವದಲ್ಲಿ ಒಕ್ಕಲಿನವರ ಗೇಣಿ ಇತ್ತು; ಅಂಗಳದಾಚೆಗೇ ನಿಂತು ಮಾತಾಡಬೇಕಾಗಿದ್ದವರ ದುಡಿಮೆ ಇತ್ತು. ದೊಡ್ಡ ಮನೆಯ ಒಲೆ ಆರಿದ ವರ್ಷಗಳಲ್ಲೇ ಹಲವು ಸಣ್ಣ ಮನೆಗಳ ಒಲೆ ಮೊದಲ ಬಾರಿಗೆ ಭಯವಿಲ್ಲದೆ ಉರಿದದ್ದೂ ನಿಜ.

ಆಮೇಲೆ ಪಾಲಿನ ತೊಡಕು. ಅಳಿಯಸಂತಾನದಲ್ಲಿ ಕುಟುಂಬದ ಆಸ್ತಿ ಹೆಣ್ಣಿನ ಬಳಿಯಿಂದ ಇಳಿದುಬರುತ್ತಿತ್ತು, ಯಜಮಾನ ನೋಡಿಕೊಳ್ಳುತ್ತಿದ್ದ. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಮತ್ತು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ನಂತರ ಪಾಲಿನ ಹಾದಿ ತೆರೆಯಿತು. ಗದ್ದೆ ಹಂಚಬಹುದು. ಚೌಕಿಮನೆಯನ್ನು ಹಂಚುವುದು ಹೇಗೆ? ಹಾಗಾಗಿ ಅದು ಎಲ್ಲರದ್ದೂ ಆಗಿ, ಯಾರದ್ದೂ ಆಗದೆ ಉಳಿಯಿತು. ಇವತ್ತು ಒಂದು ಮನೆಯ ರಿಪೇರಿಗೆ ಸಹಿ ಬೇಕೆಂದರೆ ಒಬ್ಬರು ಡೊಂಬಿವಲಿ ಪೂರ್ವದಲ್ಲಿ, ಒಬ್ಬರು ನೆರೂಲಿನಲ್ಲಿ, ಒಬ್ಬರು ದುಬೈಯಲ್ಲಿ. ಮಾಡು ಸೋರುವ ವೇಗಕ್ಕೆ ಕಾಗದ ಪತ್ರದ ವೇಗ ಸಾಟಿಯಾಗುವುದಿಲ್ಲ.

ಆದರೂ ಈ ಮನೆಗಳು ಪೂರ್ತಿ ಸತ್ತಿಲ್ಲ. ಕುಟುಂಬದ ದೈವಕ್ಕೆ ತಂಬಿಲ, ಪರ್ವ, ನೇಮ ಬಂದಾಗ ಮುಂಬಯಿಯಿಂದ ಜನ ಇಳಿಯುತ್ತಾರೆ. 1998ರಲ್ಲಿ ಕೊಂಕಣ ರೈಲು ಪೂರ್ತಿ ತೆರೆದುಕೊಂಡ ಮೇಲೆ ಥಾಣೆಯಲ್ಲೋ ಪನ್ವೇಲಿನಲ್ಲೋ ಮತ್ಸ್ಯಗಂಧ ಹತ್ತಿದರೆ ಮರುದಿನ ಬೆಳಗ್ಗೆ ಊರು. ಒಂದೆರಡು ದಿನ ಅಂಗಳಕ್ಕೆ ಚಪ್ಪರ, ಬಾವಿಕಟ್ಟೆಯಲ್ಲಿ ಕೊಡಗಳ ಸಾಲು, ಅಟ್ಟದಿಂದ ಇಳಿದ ದೊಡ್ಡ ಪಾತ್ರೆಗಳು. ಗ್ರೀಸಿನಲ್ಲೂ ಹೀಗೆಯೇ: ಆಗಸ್ಟ್ 15ರ ಮಾತೆ ಮರಿಯಳ ಹಬ್ಬಕ್ಕೆ ಅಥೆನ್ಸ್ ಬರಿದಾಗಿ ಹಳ್ಳಿಗಳು ತುಂಬುತ್ತವೆ. ಊರಿನವರು ಅಥೆನ್ಸಿನಲ್ಲಿ ಸಂಘ ಕಟ್ಟಿಕೊಂಡು ಹಳ್ಳಿಯ ಇಗರ್ಜಿಗೆ, ದಾರಿಗೆ ಹಣ ಕಳಿಸುತ್ತಾರೆ. ಕರಾವಳಿಯ ದೇವಸ್ಥಾನಗಳ ಆಮಂತ್ರಣ ಪತ್ರಿಕೆಯಲ್ಲಿ 'ಮುಂಬಯಿ ಸಮಿತಿ' ಎಂಬ ಸಾಲು ಓದಿದವರಿಗೆ ಇದರಲ್ಲಿ ಅಚ್ಚರಿಯೇನೂ ಇಲ್ಲ.

ಈ ಸಮಿತಿಗಳ ಶಕ್ತಿ ಸಣ್ಣದಲ್ಲ. ಜೀರ್ಣೋದ್ಧಾರ, ಬ್ರಹ್ಮಕಲಶ ಎಂದರೆ ಥಾಣೆಯಿಂದಲೂ ವಾಶಿಯಿಂದಲೂ ಹಣ ಹರಿಯುತ್ತದೆ. ಒಂದು ನೋವನ್ನು ಮಾತ್ರ ಹೇಳಲೇಬೇಕು: ಜೀರ್ಣೋದ್ಧಾರದ ಹೆಸರಿನಲ್ಲಿ ಎಷ್ಟೋ ಕಡೆ ಹಳೆಯ ಮುರಕಲ್ಲಿನ ಗೋಡೆ, ಮರದ ಕೆತ್ತನೆಯ ಮಾಡು ಕಳಚಿ ಬಿದ್ದು, ಗ್ರಾನೈಟು, ಕಾಂಕ್ರೀಟು, ಟೈಲ್ಸು ಎದ್ದಿವೆ. ಹೊಸದು ಕಟ್ಟುವುದು ಭಕ್ತಿ, ಹಳೆಯದನ್ನು ಉಳಿಸುವುದು ಬಡತನ ಎಂಬ ಎಣಿಕೆ ಊರ ಮೇಲೆ ಪ್ರೀತಿಯಿರುವವರಲ್ಲೇ ಬೇರೂರಿದೆ. ಗುಡಿಗೇ ಈ ಗತಿಯಾದರೆ ಮನೆಯನ್ನು ಕೇಳುವವರಾರು?

ಕೇಳಿದವರೊಬ್ಬರಿದ್ದರು. ಮಣಿಪಾಲದ ವಿಜಯನಾಥ ಶೆಣೈ ಬ್ಯಾಂಕಿನ ನೌಕರಿಯಲ್ಲಿದ್ದವರು. ಹಳೆಯ ಮನೆಗಳನ್ನು ಕೆಡವಿ ಮರವನ್ನು ಗುಜರಿಗೆ ಮಾರುತ್ತಿದ್ದ ಕಾಲದಲ್ಲಿ ಅವರು ಮೊದಲು ಆ ತುಂಡುಗಳಿಂದ ತಮ್ಮದೇ ಮನೆ ಕಟ್ಟಿದರು, ಬಳಿಕ ಇಡೀ ಮನೆಗಳನ್ನೇ ಕಳಚಿ ತಂದು ಮತ್ತೆ ಜೋಡಿಸಿದರು. ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜಿನಲ್ಲಿ ಕುಂಜೂರಿನ ಚೌಕಿಮನೆಯಿದೆ, ಮುಧೋಳ ಅರಮನೆಯ ದರ್ಬಾರಿದೆ, ಕುಕನೂರಿನ ಕಮಲಮಹಲಿದೆ. 2017ರಲ್ಲಿ ಅವರು ತೀರಿಕೊಂಡಾಗ ಒಬ್ಬ ಮನುಷ್ಯನ ಹಟ ಎಷ್ಟು ಉಳಿಸಬಲ್ಲದು ಎಂಬುದು ಕಣ್ಣೆದುರಿಗಿತ್ತು. ಅದರ ಮಿತಿಯೂ ಅಲ್ಲೇ ಇತ್ತು. ಕಳಚಿ ತಂದ ಮನೆಗೆ ಅದರ ಬಾವಿ, ಗದ್ದೆ, ನಾಗಬನ, ನೆರೆಹೊರೆ ಜೊತೆಗೆ ಬರುವುದಿಲ್ಲ. ಕುಂಜೂರಿನ ಚೌಕಿ ಕುಂಜೂರಿನಲ್ಲೇ ಉಳಿಯುವಂತೆ ಏನು ಮಾಡಬೇಕಿತ್ತು ಎಂಬ ಪ್ರಶ್ನೆಗೆ ಮ್ಯೂಸಿಯಂ ಉತ್ತರ ಕೊಡಲಾರದು.

ಹೋಟೆಲು ಕೊಡಬಹುದೇ? ಗ್ರೀಸಿನ ಅನುಭವ ಇಲ್ಲಿ ನಿಜಕ್ಕೂ ಕಲಿಸುತ್ತದೆ, ಏಕೆಂದರೆ ಆ ದೇಶ ಇದನ್ನು ಸರಕಾರಿ ಮಟ್ಟದಲ್ಲೇ ಮಾಡಿ ನೋಡಿದೆ. ಅಲ್ಲಿನ ರಾಷ್ಟ್ರೀಯ ಪ್ರವಾಸೋದ್ಯಮ ಸಂಸ್ಥೆ 1975ರಿಂದ ಸುಮಾರು ಇಪ್ಪತ್ತು ವರ್ಷ ಪಾಳುಬಿದ್ದ ಊರುಗಳ ಮನೆಗಳನ್ನು ದುರಸ್ತಿ ಮಾಡಿ ಅತಿಥಿಗೃಹಗಳನ್ನಾಗಿಸಿತು. ಆಗ ಆರಿಸಿಕೊಂಡ ಊರುಗಳಲ್ಲಿ ಸಾಂತೊರಿನಿಯ ಇಯಾ ಒಂದು, ಮಾನಿ ಪ್ರಾಂತದ ವಾಥಿಯಾ ಇನ್ನೊಂದು.

ವಾಥಿಯಾ ಎತ್ತರದ ಕಲ್ಲಿನ ಗೋಪುರಮನೆಗಳ ಊರು. ದುರಸ್ತಿ ಚೆನ್ನಾಗಿಯೇ ಆಯಿತು, ಅತಿಥಿಗಳು ಬಂದರು, ಕೆಲವು ವರ್ಷಗಳ ಮೇಲೆ ಅತಿಥಿಗೃಹಗಳು ಮುಚ್ಚಿದವು. ಊರು ಮತ್ತೆ ಖಾಲಿ. ಕಟ್ಟಡ ರಿಪೇರಿಯಾಗಿತ್ತು; ಬದುಕು ಆಗಿರಲಿಲ್ಲ. ಅಲ್ಲಿ ಬೆಳೆ ತೆಗೆಯುವವರಾಗಲಿ, ಶಾಲೆಗೆ ಹೋಗುವ ಮಕ್ಕಳಾಗಲಿ ಹಿಂತಿರುಗಲಿಲ್ಲ. ಇಯಾದ ಕಥೆ ಇದಕ್ಕೆ ತಿರುಗಾಮುರುಗಾ. 1956ರ ಜುಲೈಯ ಭೂಕಂಪದಲ್ಲಿ ಊರು ನುಜ್ಜುಗುಜ್ಜಾಗಿ ಜನ ಚದುರಿದ್ದರು. ದುರಸ್ತಿಯಾದ ಗುಹಾಮನೆಗಳು ಎಷ್ಟು ಹೆಸರಾದವೆಂದರೆ ಇಂದು ಸೂರ್ಯಾಸ್ತದ ಹೊತ್ತಿಗೆ ಅಲ್ಲಿನ ಓಣಿಗಳಲ್ಲಿ ಕಾಲಿಡಲು ಜಾಗವಿಲ್ಲ. ಶಾಲೆಯ ಮಾಸ್ತರರಿಗೆ, ಆಸ್ಪತ್ರೆಯ ದಾದಿಯರಿಗೆ ಕೈಗೆಟಕುವ ಬಾಡಿಗೆಮನೆ ಸಿಗುವುದಿಲ್ಲ. ಒಂದು ಊರು ಅತಿಥಿಗಳಿಲ್ಲದೆ ಸೊರಗಿತು, ಇನ್ನೊಂದು ಅತಿಥಿಗಳಿಂದಲೇ ಬಳಲುತ್ತಿದೆ.

ಪಶ್ಚಿಮ ಕ್ರೀಟಿನ ಮಿಲಿಯಾ ಇವೆರಡಕ್ಕಿಂತ ಬೇರೆ. 1980ರ ದಶಕದಲ್ಲಿ ಕೆಲವು ಸ್ಥಳೀಯರೇ ತಮ್ಮ ಪಾಳು ಹಳ್ಳಿಯನ್ನು ಎತ್ತಿ ನಿಲ್ಲಿಸಲು ತೊಡಗಿದರು. 1990ರ ದಶಕದಲ್ಲಿ ಅತಿಥಿಗಳಿಗೆ ತೆರೆದರು. ಅವರು ಮನೆಗಿಂತ ಮೊದಲು ಹೊಲದ ಬಗ್ಗೆ ಯೋಚಿಸಿದ್ದರು. ಗಿಡ ನೆಟ್ಟರು, ತರಕಾರಿ ಬೆಳೆದರು, ಆಡುಕುರಿ ಸಾಕಿದರು. ತಟ್ಟೆಗೆ ಬರುವುದರಲ್ಲಿ ಬಹುಪಾಲು ಅಲ್ಲೇ ಬೆಳೆದದ್ದು. ವಿದ್ಯುತ್ತಿಗೆ ಸೂರ್ಯನ ಬೆಳಕು, ಸಂಜೆಗೆ ಮೇಣದ ಬತ್ತಿ. ಅಲ್ಲಿ ಹೋಟೆಲು ಒಂದು ಕೃಷಿಯ ಪಕ್ಕದ ಆದಾಯ. ಹಾಗಾಗಿಯೇ ಅದು ಉಳಿದಿದೆ ಎಂದು ನಂಬಲು ಸಾಕಷ್ಟು ಕಾರಣವಿದೆ.

ಈ ನೋಟವನ್ನು ಇಟ್ಟುಕೊಂಡು ನವಿಮುಂಬಯಿಯ ಕಡೆ ತಿರುಗಿದರೆ ಇನ್ನೊಂದು ಸತ್ಯ ಎದುರಾಗುತ್ತದೆ. ಚಾರ್ಲ್ಸ್ ಕೊರಿಯಾ, ಪ್ರವೀಣಾ ಮೆಹ್ತಾ, ಶಿರೀಷ್ ಪಟೇಲ್ 1960ರ ದಶಕದಲ್ಲಿ ಕೊಲ್ಲಿಯಾಚೆ ಹೊಸ ನಗರವೊಂದರ ಕನಸು ಮುಂದಿಟ್ಟರು. 1970ರಲ್ಲಿ ಆ ನಗರವನ್ನು ಕಟ್ಟುವ ಸರಕಾರಿ ಸಂಸ್ಥೆ ಸಿಡ್ಕೊ ಹುಟ್ಟಿತು. ಆಗ್ರಿ, ಕೋಳಿ ಜನರ 95 ಹಳ್ಳಿಗಳ ನೆಲ ನಗರಕ್ಕೆ ಹೋಯಿತು. 1984ರ ಜನವರಿಯಲ್ಲಿ ಉರಣ್ ಬಳಿ ದಿ. ಬಾ. ಪಾಟೀಲರ ಮುಂದಾಳುತನದಲ್ಲಿ ರೈತರು ಎದ್ದು ನಿಂತಾಗ ಗೋಲಿಬಾರಿನಲ್ಲಿ ಐವರು ಸತ್ತರು. ಸ್ವಾಧೀನವಾದ ನೆಲದ ಶೇಕಡಾ ಹನ್ನೆರಡೂವರೆಯಷ್ಟನ್ನು ಅಭಿವೃದ್ಧಿಪಡಿಸಿ ಹಿಂತಿರುಗಿಸುವ ಯೋಜನೆ ಬಂದದ್ದು ಆ ರಕ್ತದ ಬೆಲೆಗೆ. ಹೊಸ ವಿಮಾನ ನಿಲ್ದಾಣಕ್ಕೆ ಅದೇ ಪಾಟೀಲರ ಹೆಸರಿಡಬೇಕೆಂದು ಅಲ್ಲಿನ ಜನ ಪಟ್ಟು ಹಿಡಿದದ್ದು ಅದನ್ನು ಮರೆಯದಿರಲಿಕ್ಕೆ.

ಆ ಹಳ್ಳಿಗಳು ಖಾಲಿಯಾಗಲಿಲ್ಲ. ದಿವಾಳೆ, ಕರಾವೆ, ಸಾರಸೋಳೆ, ಘಣಸೋಲಿಗಳ ಗಾವಠಾಣಗಳಲ್ಲಿ, ಅಂದರೆ ಹಳ್ಳಿಯ ಮೂಲ ವಸತಿ ಜಾಗಗಳಲ್ಲಿ, ಜನ ಇದ್ದಾರೆ, ಮೀನು ಮಾರುತ್ತಾರೆ, ಹೋಳಿ ಆಡುತ್ತಾರೆ. ಮನೆಯ ಮೇಲೆ ಮನೆ ಕಟ್ಟಿ ಕೋಣೆಗಳನ್ನು ಬಾಡಿಗೆಗೆ ಕೊಟ್ಟು ಜೀವನ ಮಾಡುತ್ತಾರೆ. ಅಂಥ ಕೋಣೆಗಳಲ್ಲಿ ಕನ್ನಡ ಮಾತಾಡುವ ದುಡಿಯುವವರೂ ಇದ್ದಾರೆ. ಸರಕಾರದ ಕಾಗದದಲ್ಲಿ ಆ ಮನೆಗಳು ಹೆಚ್ಚಾಗಿ 'ಅನಧಿಕೃತ'. ಆ ಊರುಗಳನ್ನು ಪರಂಪರೆ ಎಂದು ಕರೆದು ದುರಸ್ತಿಗೆ ಹಣ ಇಡುವವರು ಕಾಣುವುದಿಲ್ಲ. ಜನ ಹೊರಟುಹೋದ ಹಳ್ಳಿಯನ್ನು ಮಾತ್ರ ಸುಂದರವೆಂದು ಬಗೆಯುವುದು, ಜನ ಉಳಿದಿರುವ ಹಳ್ಳಿಯನ್ನು ಕೊಳಕೆಂದು ದೂರುವುದು — ಗುಡ್ಡದ ಹೋಟೆಲಿನ ಮೋಹದಲ್ಲಿ ಅಡಗಿರುವ ಅನ್ಯಾಯ ಇದು. ಅದನ್ನು ಎದುರಿಸದೆ ಯಾವ ಪುನರುಜ್ಜೀವನವೂ ಪ್ರಾಮಾಣಿಕವಾಗದು.

ಹಾಗಾದರೆ ಕರಾವಳಿಯ ಮನೆಗಳನ್ನು ಹೋಟೆಲು ಮಾಡಲೇಬಾರದೇ? ಮಾಡಬೇಕು ಎಂದೇ ಈ ಬರಹದ ವಾದ; ಆದರೆ ಮೌನ ಮಾರುವ ಹೋಟೆಲಲ್ಲ. ಇಟಲಿಯಲ್ಲಿ ಇದಕ್ಕೊಂದು ಒಳ್ಳೆಯ ಮಾದರಿಯಿದೆ. 1976ರ ಫ್ರಿಯುಲಿ ಭೂಕಂಪದ ಬಳಿಕ ಪಾಳುಬಿದ್ದ ಮನೆಗಳನ್ನು ಏನು ಮಾಡುವುದೆಂಬ ಚಿಂತೆಯಲ್ಲಿ 'ಅಲ್ಬೆರ್ಗೊ ದಿಫ್ಯೂಸೊ' ಎಂಬ ಆಲೋಚನೆ ಹುಟ್ಟಿತು. ಜಾಂಕಾರ್ಲೊ ದಾಲ್‌ಆರಾ ಎಂಬವರು ಅದಕ್ಕೆ ರೂಪ ಕೊಟ್ಟರು. ಹೋಟೆಲಿಗೆ ಒಂದೇ ಕಟ್ಟಡವಿಲ್ಲ. ಕಚೇರಿ ಒಂದು ಮನೆಯಲ್ಲಿ, ಕೋಣೆಗಳು ಊರಿನ ಬೇರೆ ಬೇರೆ ಮನೆಗಳಲ್ಲಿ, ಊಟ ಮತ್ತೊಂದು ಕಡೆ. ನಿಯಮವೆಂದರೆ ಊರು ಬದುಕಿರಬೇಕು. ಜನರಿಲ್ಲದ ಊರಿನಲ್ಲಿ ಅದು ನಡೆಯುವುದಿಲ್ಲ.

ಕರಾವಳಿಗೆ ಇದು ಹೊಂದುತ್ತದೆ. ದೊಡ್ಡ ಚೌಕಿಮನೆಯೊಂದನ್ನು ಹೊರಗಿನ ಕಂಪನಿಗೆ ಒಪ್ಪಿಸಿ ಇಪ್ಪತ್ತು ಕೋಣೆ ಮಾಡುವ ಬದಲು, ಚೌಕಿಮನೆಯಲ್ಲಿ ಎರಡು ಕೋಣೆ, ಪಕ್ಕದ ಹಳೆಯ ಒಕ್ಕಲುಮನೆಯಲ್ಲಿ ಒಂದು, ಕಡಲಬದಿಯ ಮೊಗವೀರರ ಮನೆಯಲ್ಲಿ ಒಂದು, ಶೇಂದಿ ತೆಗೆಯುವವರ ತೋಟದಲ್ಲಿ ಒಂದು. ಒಂದು ಕಾಲಕ್ಕೆ ಗೇಣಿ ಕೊಟ್ಟವರ ಮೊಮ್ಮಕ್ಕಳು ಆಗ ಆದಾಯದ ಪಾಲುದಾರರಾಗುತ್ತಾರೆ. ಮುಂಬಯಿಗೆ ಬಂದ ಹುಡುಗರಲ್ಲಿ ಹೆಚ್ಚಿನವರು ಗುತ್ತಿನ ಉಪ್ಪರಿಗೆಯಿಂದ ಇಳಿದವರಲ್ಲ, ಇಂಥ ಸಣ್ಣ ಮಾಡಿನ ಮನೆಗಳಿಂದ ಹೊರಟವರು. ದೊಡ್ಡ ಮನೆಗಳಷ್ಟೇ ದುರಸ್ತಿಯಾದರೆ ಊರಿನ ಚರಿತ್ರೆ ಯಜಮಾನರ ಚರಿತ್ರೆಯಾಗಿ ಉಳಿಯುತ್ತದೆ. ಅತಿಥಿಗೆ ಊರು ತೋರಿಸುವಾಗ 1974ರ ಕಥೆಯನ್ನೂ ಹೇಳಬೇಕು.

ಇನ್ನೊಂದು ಗಡಿ ಹಾಕಿಕೊಳ್ಳಲೇಬೇಕು. 2020ರ ತಿದ್ದುಪಡಿಯ ನಂತರ ಕರ್ನಾಟಕದಲ್ಲಿ ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಬಹುದು. ಖಾಲಿ ಮನೆ, ಬೇಸತ್ತ ವಾರಸುದಾರರು, ಹಣವಿರುವ ಹೊರಗಿನವರು — ಇವರು ಒಂದೆಡೆ ಸೇರಿದರೆ ದೈವದ ಕೋಣೆ ಸಾಮಾನಿನ ಕೋಣೆಯಾಗಲು, ನಾಗಬನದ ಪಕ್ಕ ಈಜುಕೊಳ ಬರಲು ತಡವಿಲ್ಲ. ಆದ್ದರಿಂದ ಮಾರಾಟ ಬೇಡ. ಹಲವು ಕುಟುಂಬಗಳು ದೈವಸ್ಥಾನಕ್ಕಾಗಿ ಟ್ರಸ್ಟು ಮಾಡಿಕೊಂಡಿವೆ. ಅದೇ ಟ್ರಸ್ಟಿಗೆ ಮನೆಯನ್ನೂ ಸೇರಿಸಬಹುದು. ಬೇಕಿದ್ದರೆ ನಡೆಸುವ ಹೊಣೆಯನ್ನು ವರ್ಷಗಳ ಗಡುವಿಟ್ಟು ಬೇರೆಯವರಿಗೆ ಕೊಡಲಿ, ಒಡೆತನ ಬಿಡಬಾರದು. ನೇಮ, ತಂಬಿಲ, ಪತ್ತನಾಜೆಯ ದಿನಗಳನ್ನು ಬುಕಿಂಗ್ ಪುಸ್ತಕದಲ್ಲಿ ವರ್ಷದ ಮೊದಲಿಗೇ ಹೊಡೆದುಹಾಕಬೇಕು. ಡೊಂಬಿವಲಿಯಿಂದ ಬರುವ ಕುಟುಂಬದ ಹೆಣ್ಣುಮಗಳು ತನ್ನ ತಾಯಿ ಹುಟ್ಟಿದ ಕೋಣೆಯಲ್ಲಿ ಮಲಗಲು ಬಾಡಿಗೆ ಕೊಡುವಂತಾದರೆ ಆ ಹೋಟೆಲು ಸೋತಂತೆ.

ಇಷ್ಟು ಕಡಿಮೆ ಕೋಣೆಗಳಿಂದ ಲಾಭವೆಲ್ಲಿ ಎಂಬ ಪ್ರಶ್ನೆ ಬರುತ್ತದೆ, ಬರಬೇಕು. ಲಾಭ ದೊಡ್ಡದಿರುವುದಿಲ್ಲ. ತಮಿಳುನಾಡಿನ ಚೆಟ್ಟಿನಾಡಿನಲ್ಲಿ ಬರ್ಮಾ, ಮಲಯಗಳಿಗೆ ಹೋದ ವರ್ತಕರ ಮಹಲುಗಳಲ್ಲಿ ಕೆಲವು ಈಗ ಹೋಟೆಲುಗಳಾಗಿ ಚೆನ್ನಾಗಿ ನಡೆಯುತ್ತಿವೆ; ಅವುಗಳ ಪಕ್ಕದಲ್ಲೇ ನೂರಾರು ಮಹಲುಗಳು ಕಂಬ ಕಂಬವಾಗಿ ಹಳೆಯ ಸಾಮಾನಿನ ಅಂಗಡಿ ಸೇರಿವೆ. ಹೋಟೆಲಿನಿಂದ ಎಲ್ಲ ಮನೆಗಳೂ ಉಳಿಯುವುದಿಲ್ಲ. ಆದರೆ ಹಂಚಿನ ಖರ್ಚು, ಒಬ್ಬ ಕಾವಲುಗಾರನ ಸಂಬಳ, ದಿನವೂ ಹೊತ್ತುವ ಒಂದು ಒಲೆ, ಇಷ್ಟು ಹೊರಟರೆ ಒಂದು ಮನೆ ಇನ್ನೊಂದು ತಲೆಮಾರು ನಿಲ್ಲುತ್ತದೆ. ಸಮಿತಿಗಳಲ್ಲಿ ದುಡಿದ ಅನುಭವವಿರುವ ಮುಂಬಯಿಯವರಿಗೆ ಈ ಲೆಕ್ಕ ಅರ್ಥವಾಗದ್ದಲ್ಲ. ಬ್ರಹ್ಮಕಲಶಕ್ಕೆ ಕೂಡಿಸುವ ಮೊತ್ತದ ಒಂದು ಸಣ್ಣ ಪಾಲು ಸಾಕು.

ಸಮಯ ಮಾತ್ರ ಕಡಿಮೆ ಇದೆ. ಚೌಕಿಯ ಮೂಲೆಮಾಡನ್ನು ಮೊಳೆಯಿಲ್ಲದೆ ಕೂಡಿಸಬಲ್ಲ ಹಳೆಯ ಆಚಾರಿಗಳು ವಯಸ್ಸಾದವರು. ಅವರ ಮಕ್ಕಳು, ಮೊಮ್ಮಕ್ಕಳು ಗಲ್ಫಿನಲ್ಲಿದ್ದಾರೆ, ಇಲ್ಲವೇ ಥಾಣೆ, ಖಾರ್ಘರಗಳ ಹೊಸ ಫ್ಲಾಟುಗಳಲ್ಲಿ ಪ್ಲೈವುಡ್ಡಿನ ಕಪಾಟು ಕೂರಿಸುತ್ತಿದ್ದಾರೆ. ಬೇಸಗೆ ರಜೆಯಲ್ಲಿ ಕುಟುಂಬದವರು ಊರಿನಲ್ಲಿ ಸೇರಿದಾಗ, ಊಟ ಮುಗಿದು ಪಂಚಾತಿಕೆಗೆ ಕುಳಿತಾಗ, ಮೊದಲು ಕರೆಸಬೇಕಾದದ್ದು ಆ ಅಜ್ಜ ಆಚಾರಿಯನ್ನು; ಯಾವ ಪಕ್ಕಾಸು ಈ ಮಳೆಗಾಲ ತಡೆಯುತ್ತದೆ, ಯಾವುದು ತಡೆಯುವುದಿಲ್ಲ ಎಂದು ಅವರು ಏಣಿ ಹತ್ತಿ ಹೇಳಲಿ. ಡೊಂಬಿವಲಿಯಲ್ಲಿರುವ ಅವರ ಮೊಮ್ಮಗನಿಗೂ ಅದೇ ವಾರ ಊರಿಗೆ ಬರಲು ಟಿಕೇಟು ತೆಗೆಸಿಕೊಡಬೇಕು.